ಪಾಲು ಮಾಡುವ ಕೈ

ಬಜಾರದ ಕೂಪನ್ನಿಗೆ ಇವತ್ತು ಕೊನೆಯ ದಿನ ಎಂಬುದು ಪ್ರಿಯಂವದಾಗೆ ಕಣ್ಣು ಬಿಡುವ ಮೊದಲೇ ನೆನಪಾಯಿತು. ಅದಕ್ಕೂ ಮೊದಲು ಕಿವಿ ಗೋಡೆಯ ಕಡೆಗೆ ಹೋಗಿತ್ತು. ಗೋಡೆಯ ಆಚೆ ಶೆಟ್ಟೆವ್ವ ಎದ್ದಿದ್ದಳು. ಕೊಡ ಇಳಿಸಿದ ಸದ್ದು, ಕಸಬರಿಗೆಯ ಸದ್ದು, ಹತ್ತದ ಲೈಟರನ್ನು ಮತ್ತೆ ಮತ್ತೆ ಒತ್ತುವ ಸದ್ದು ಎಲ್ಲವೂ ಕೇಳಿದವು. ಲಟ್ಟಣಿಗೆಯಿಂದ ಗೋಡೆಗೆ ಎರಡು ಸಲ ಬಡಿಯುವ ಸದ್ದೊಂದು ಮಾತ್ರ ಕೇಳಲಿಲ್ಲ. ಆ ಬಡಿತಕ್ಕೆ ಇಂಥದೇ ಅರ್ಥ ಎಂದಿರಲಿಲ್ಲ. ಚಹಾ ಕುದಿಯುತ್ತಿದೆ ಬಾ, ನಳ ಬಂದಿದೆ ಏಳು, ಬಜಾರದಲ್ಲಿ ಬೇಳೆ ಇಳಿದಿದೆಯಂತೆ, ಏನೂ ಇಲ್ಲ ಸುಮ್ಮನೆ ಬಡಿದೆ, ಎಲ್ಲವೂ ಆಗುತ್ತಿತ್ತು. ಅವ್ವನ ಶ್ರಾದ್ಧದ ಹಿಂದಿನ ದಿನದಿಂದ ಗೋಡೆ ಸುಮ್ಮನಾಗಿದೆ. ಲಟ್ಟಣಿಗೆ ಮುರಿದಿರಬಹುದು ಎಂದು ಪ್ರಿಯಂವದಾ ಒಂದು ಸಲ ಅಂದುಕೊಂಡಳು. ಐವತ್ತು ದಾಟಿದ, ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ಹೆಂಗಸು ಪಕ್ಕದ ಮನೆಯ ಲಟ್ಟಣಿಗೆ ಮುರಿದಿರಲಿ ಎಂದು ಆಸೆಪಡುವುದು ಚೆಂದವಲ್ಲ. ಆದರೂ ಆಸೆಪಟ್ಟಳು.

ಎದ್ದು ನಿನ್ನೆಯ ಚಹಾಪುಡಿಯ ಚರಟಕ್ಕೇ ಅರ್ಧ ಚಮಚ ಹೊಸ ಪುಡಿ ಸೇರಿಸಿ ನೀರಿಟ್ಟಳು. ಹಾಲಿನ ಪಾಕೀಟನ್ನು ಕತ್ತರಿಸಿ, ಒಳಗೆ ನೀರು ತಿರುಗಿಸಿ, ಆ ನೀರನ್ನೂ ಚಹಾಕ್ಕೆ ಸುರಿದು, ಪಾಕೀಟು ತೊಳೆದು ಕಿಟಕಿಯ ಸರಳಿಗೆ ಸಿಕ್ಕಿಸಿದಳು. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವುದು, ಪೇಸ್ಟಿನ ಟ್ಯೂಬಿನ ಹೊಟ್ಟೆ ಸೀಳುವುದು, ಬೇಳೆ ಮುಕ್ಕಾಲು ಬೆಂದಾಗ ಗ್ಯಾಸ್ ಆರಿಸಿ ಮುಚ್ಚಳದ ಮೇಲೆ ಹಳೆಯ ಕೌದಿ ಹೊದಿಸುವುದು: ಇವೆಲ್ಲ ಅವಳಿಗೆ ಅವ್ವನಿಂದ ಬಂದವು. ಅವ್ವ ಗಂಗೂಬಾಯಿ, ಪುರೋಹಿತರ ಮನೆಯಾಕೆ. ದಕ್ಷಿಣೆಯ ಚಿಲ್ಲರೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದವಳು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಿದ್ದಳು. ಆದರೆ ಹಳ್ಳವಾಗುವುದಕ್ಕೂ ಮನೆಯಲ್ಲಿ ಮಂದಿ ಬೇಕು ಎಂಬುದು ಪ್ರಿಯಂವದಾಗೆ ಒಬ್ಬಳೇ ಬೈಲಹೊಂಗಲದ ಈ ಚಾಳಿಗೆ ಬಂದಮೇಲೆ ತಿಳಿಯಿತು. ಅಂಗಡಿಗಳು ಒಂಟಿ ಜನರನ್ನು ಲೆಕ್ಕಕ್ಕೇ ಇಟ್ಟಿಲ್ಲ. ಒಂದು ಕೊಂಡರೆ ಒಂದು ಪುಕಟ, ಹತ್ತು ಕಿಲೊಕ್ಕೆ ಇಷ್ಟು ಕಡಿಮೆ, ಐದು ಲೀಟರಿಗೆ ಬಕೀಟು, ಎಲ್ಲವೂ ತುಂಬಿದ ಮನೆಗಳಿಗೆ. ಅಗ್ಗವೆಂದು ಹತ್ತು ಕಿಲೊ ಅಕ್ಕಿ ತಂದರೆ ಅರ್ಧ ನುಸಿ ತಿನ್ನುತ್ತಿತ್ತು. ನುಸಿಗೆ ಉಪಕಾರವಾಗಲೆಂದು ಯಾರಾದರೂ ಕೂಪನ್ ಕತ್ತರಿಸುತ್ತಾರೆಯೇ?

ಬಸ್ ಸ್ಟ್ಯಾಂಡಿನ ಹಿಂದೆ ಆ ದೊಡ್ಡ ಬಜಾರು ಹೊಸದಾಗಿ ತೆರೆದಾಗ ಇಬ್ಬರೂ ಒಂದೇ ಅಕ್ಕಿಚೀಲದ ಮುಂದೆ ನಿಂತಿದ್ದರು. ಗೋಡೆಗೆ ಗೋಡೆ ಹತ್ತಿದ ಮನೆ, ಆದರೂ ನಳದ ಪಾಳಿಯ ಹೊರತು ಮಾತಿರಲಿಲ್ಲ. ಶೆಟ್ಟೆವ್ವ ಸರಕಾರಿ ದವಾಖಾನೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಮಗ ಕಾಂತೇಶ ನವಿಲುತೀರ್ಥದಲ್ಲಿ ನೀರಾವರಿ ಇಲಾಖೆಯ ನೌಕರ, ಅಮಾವಾಸ್ಯೆ ಹುಣ್ಣಿಮೆಗೆ ಬಂದು ಹೋಗುತ್ತಾನೆ. ಅವಳು ಚೀಲವನ್ನು ಕಾಲಿನಿಂದ ಸ್ವಲ್ಪ ತಳ್ಳಿ ನೋಡಿ, ಪ್ರಿಯಂವದಾಳ ಮುಖ ನೋಡಿ, "ಅರ್ಧ ನಂದು ಅರ್ಧ ನಿಂದು ಮಾಡೂಣೇನ ತಂಗಿ? ಇಲ್ಲಂದ್ರ ಇಬ್ಬರೂ ಹಿಂಗ ನೋಡ್ಕೋತ ನಿಂದರತೇವಿ" ಎಂದಿದ್ದಳು. ತಂಗಿ ಎಂದು ಕರೆಯುವವರು ಪ್ರಿಯಂವದಾಗೆ ಯಾರೂ ಇರಲಿಲ್ಲ. ಅಂದಿನಿಂದ ಚೀಲದ ಒಂದು ಕಿವಿ ಅವಳು, ಒಂದು ಕಿವಿ ಇವಳು ಹಿಡಿದು ಬಜಾರದಿಂದ ಚಾಳಿನ ತನಕ ನಡೆದು ಬಂದರು. ಆಟೊದ ರೊಕ್ಕವೂ ಉಳಿಯಿತು.

ಪಾಲು ಮಾಡುವುದಕ್ಕೆ ಶೆಟ್ಟೆವ್ವನದೇ ಒಂದು ನೇಮ. ಪಾಲು ಮಾಡಿದವರು ಆರಿಸಬಾರದು, ಆರಿಸುವವರು ಮಾಡಬಾರದು. ತಕ್ಕಡಿ ಬೇಡ. ಶೆಟ್ಟೆವ್ವ ಪ್ರಿಯಂವದಾಳ ಮನೆಯ ನೆಲದ ಮೇಲೆ ಹಳೆಯ ಧೋತರ ಹಾಸಿ, ಚೀಲ ಸುರಿದು, ಬೊಗಸೆ ಬೊಗಸೆಯಾಗಿ ಎರಡು ರಾಶಿ ಮಾಡುತ್ತಿದ್ದಳು. "ಹುಟ್ಟಿದ ಕೂಸಿನ ತೂಕ ಕೈಯಾಗ ಹಿಡದ ಹೇಳ್ತಿದ್ದೆ ನಾ, ಅಕ್ಕಿ ಏನ್ ಮಹಾ" ಎಂದು ನಗುತ್ತಿದ್ದಳು. ಆಮೇಲೆ ಕೈ ಝಾಡಿಸಿ ಕಿಟಕಿಯ ಕಡೆ ಮುಖ ಮಾಡಿ, "ಆರಿಸ್ಕೊ" ಎನ್ನುತ್ತಿದ್ದಳು. ಪ್ರಿಯಂವದಾ ಹತ್ತಿರದ್ದನ್ನೇ ತೆಗೆದುಕೊಂಡಂತೆ ಮಾಡುತ್ತಿದ್ದಳು. ನಿಜವಾಗಿ ಅವಳ ಕಣ್ಣು ಎರಡೂ ರಾಶಿಯ ಮೇಲೆ ಒಂದು ಸುತ್ತು ಹಾಕಿ ಬಂದಿರುತ್ತಿತ್ತು, ಮತ್ತು ಯಾವತ್ತೂ ದೊಡ್ಡದೆನಿಸಿದ ರಾಶಿಯೇ ಹತ್ತಿರ ಇರುತ್ತಿತ್ತು. ಅದು ತನ್ನ ಅದೃಷ್ಟ ಎಂದು ಇಷ್ಟು ವರ್ಷ ತಿಳಿದಿದ್ದಳು. ಈಗ ಎರಡನೆಯ ಸಲ ಕುದಿದ ಕಹಿ ಚಹಾ ಕುಡಿಯುತ್ತ, ಅದೃಷ್ಟವೆಂಬುದು ಇಷ್ಟು ಶಿಸ್ತಾಗಿ ಬರುವುದಿಲ್ಲ ಎಂದು ಹೊಳೆದು ನಾಚಿಕೆಯಾಯಿತು.

ಶಾಲೆಯಲ್ಲಿ ಮೊದಲನೆಯ ತಾಸು ಖಾಲಿ ಇತ್ತು. ಸ್ಟಾಫ್ ರೂಮಿನ ಮೇಜಿನ ಮೇಲಿನ ಹಳೆಯ ಪೇಪರುಗಳಲ್ಲಿ ಕೂಪನ್ನಿನ ಜಾಗ ಚೌಕಾಕಾರದಲ್ಲಿ ತೂತಾಗಿತ್ತು. ಹೋದ ವಾರ ಅವಳೇ ಯಾರೂ ಇಲ್ಲದಾಗ ಕತ್ತರಿಸಿದ್ದು. ಡ್ರಾಯಿಂಗ್ ಮಾಸ್ತರ ಸತ್ಯಪ್ಪ ಆ ಪೇಪರನ್ನು ಎತ್ತಿ ತೂತಿನಿಂದ ಅವಳನ್ನು ನೋಡಿ, "ಬಾಯಾರ, ಪೇಪರಿಗೆ ಖಿಡಕಿ ಇಟ್ರೆಲ್ಲ, ಗಾಳಿ ಛಲೋ ಬರಾಕತ್ತೈತಿ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅವ್ವ ಅನ್ನುತ್ತಿದ್ದುದು, ಅಂಗಡಿಯವನ ಜೊತೆ ಹುಣಸೆಹಣ್ಣಿಗೆ ಚೌಕಾಶಿ ಮಾಡಿ ಮನೆಗೆ ಬಂದಮೇಲೆ. ಮಾನದ ಮಾತು ಹೇಳುವುದಕ್ಕೂ ಮೊದಲು ಅವ್ವ ಹುಣಸೆಹಣ್ಣು ಎತ್ತಿಡುತ್ತಿದ್ದಳು. ಪ್ರಿಯಂವದಾಗೆ ಸತ್ಯಪ್ಪನ ನಗೆ ಅಷ್ಟು ಹತ್ತಲಿಲ್ಲ. ಮನಸ್ಸು ಬೇರೆ ಕಡೆ ಇತ್ತು. ಕೇಳಿತೋ ಇಲ್ಲವೋ. ಶೆಟ್ಟೆವ್ವಗೆ ಕೇಳಿತೋ ಇಲ್ಲವೋ.

ಶ್ರಾದ್ಧದ ಹಿಂದಿನ ಆ ದಿನವೂ ಧೋತರದ ಮೇಲೆ ಎರಡು ರಾಶಿ ಇದ್ದವು. ಪ್ರತಿವರ್ಷ ಶ್ರಾದ್ಧದ ಅಕ್ಕಿ, ಬೇಳೆ, ಬೆಲ್ಲ ಪ್ರಿಯಂವದಾಳದು. ಉಳಿದದ್ದು ಮುನವಳ್ಳಿಯಲ್ಲಿರುವ ತಮ್ಮ ಅಭಿಜಿತನದು. ಶೆಟ್ಟೆವ್ವ ಆಗಷ್ಟೇ ಪಾಲು ಮಾಡಿ, ಪ್ರಿಯಂವದಾ ಆರಿಸಿಕೊಂಡಮೇಲೆ, ತನ್ನ ರಾಶಿಗೆ ಡಬ್ಬಿ ತರಲು ಮನೆಗೆ ಹೋಗಿದ್ದಳು. ಅಷ್ಟರಲ್ಲಿ ತಮ್ಮನ ಹೆಂಡತಿ ಶೀತಲ ಹೇಳದೆ ಕೇಳದೆ ಬಂದಳು. ಅಭಿಜಿತ ರಸ್ತೆಯಲ್ಲಿ ಗಾಡಿಯಲ್ಲೇ ಕೂತಿದ್ದ. ಶೀತಲ ಕೆಟ್ಟವಳಲ್ಲ. ಬಂದವಳೇ ಅಕ್ಕನಿಗೆಂದು ತಂದ ಚಕ್ಕಲಿಯ ಪೊಟ್ಟಣ ಇಟ್ಟಳು, ಆಮೇಲೆ ನೆಲ ನೋಡಿದಳು.

"ಅಕ್ಕಾ, ಎರಡು ರಾಶಿ ಯಾಕ? ಇನ್ನೊಂದು ಯಾರದು?"

"ಬಾಜೂದಾಕಿದು."

"ಯಾರು, ಆ ದವಾಖಾನಿ ಆಯಾಂದಽ? ಅಯ್ಯ, ಆಕಿ ಕೈ ಹಚ್ಚ್ಯಾಳೇನು ಇದಕ್ಕ? ನಾಳೆ ಪಿಂಡಕ್ಕ ಬೇಕಲ್ಲಾ ಅಕ್ಕಾ."

ಒಂದು ಮಾತು ಸಾಕಿತ್ತು. ಹೌದು, ಆಕೆಯೇ ಪಾಲು ಮಾಡಿದಳು, ಏಳು ವರ್ಷದಿಂದ ಆಕೆಯೇ ಮಾಡುತ್ತಿದ್ದಾಳೆ, ನೀವು ಪ್ರತಿವರ್ಷ ಉಂಡದ್ದು ಅದನ್ನೇ. ಇದು ನಾಲಿಗೆಯ ತುದಿಯ ತನಕವೂ ಬರಲಿಲ್ಲ. ಅದಕ್ಕಿಂತ ಮೊದಲೇ ಇನ್ನೊಂದು ಮಾತು ತಾನೇ ತಾನಾಗಿ ಹೊರಬಿತ್ತು, ಗಟ್ಟಿಯಾಗಿಯೇ ಬಿತ್ತು: "ಛೇ ಛೇ, ಆಕಿ ಎಲ್ಲಿ ಕೈ ಹಚ್ತಾಳ? ನಾ ಅಂಗಡ್ಯಾಗನ ತೂಗಿಸಿ ಬ್ಯಾರೆ ಮಾಡಿಸ್ಕೊಂಡು ಬಂದೀನಿ." ಹೇಳಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಶೆಟ್ಟೆವ್ವನ ಸ್ಟೀಲ್ ಡಬ್ಬಿ ಇತ್ತು, ಮುಚ್ಚಳ ಪಕ್ಕದಲ್ಲಿ. ಮಂದಿ ಬಂದಿದ್ದಾರೆಂದು ಇಟ್ಟುಹೋಗಿರಬಹುದು. ಮಾತು ಆಡುವ ಮೊದಲೇ ಇಟ್ಟುಹೋಗಿರಬಹುದು. ಸಂಜೆ ಅದರಲ್ಲಿ ಅಕ್ಕಿ ತುಂಬಿ ಶೆಟ್ಟೆವ್ವನ ಬಾಗಿಲಲ್ಲಿಟ್ಟು ಕರೆದಾಗ ಒಳಗಿನಿಂದ "ಇಡ್ರಿ ಅಲ್ಲೆ" ಎಂದು ಕೇಳಿತು. ಬೆಳಿಗ್ಗೆ ಡಬ್ಬಿ ಇರಲಿಲ್ಲ. ಒಯ್ದಳೆಂದರೆ ಸಿಟ್ಟಿಲ್ಲವೆಂದೇ ಅರ್ಥ.

ಮರುದಿನ ಮುನವಳ್ಳಿಯಲ್ಲಿ ಪಿಂಡ ಇಟ್ಟದ್ದೇ ತಡ, ಕಾಗೆ ಬಂತು. ಹೋದ ವರ್ಷ ಒಂದು ತಾಸು ಕಾಯಿಸಿತ್ತು. ಈ ಸಲ ಅಭಿಜಿತ ಹಿಂದೆ ಸರಿಯುವ ಮೊದಲೇ ಎರಡು ಕಾಗೆ ಇಳಿದು ತಿಂದವು. "ಅತ್ತಿಯವರು ತೃಪ್ತ ಆದ್ರು ನೋಡ್ರಿ" ಎಂದು ಶೀತಲ ಕಣ್ಣೊರೆಸಿಕೊಂಡಳು. ಆ ಅಕ್ಕಿ ಯಾರ ಬೊಗಸೆಯಿಂದ ಬಿದ್ದದ್ದೆಂದು ಕಾಗೆ ಕೇಳಲಿಲ್ಲ. ಪ್ರಿಯಂವದಾಗೆ ಒಳಗೊಳಗೇ ನಗು ಬಂತು, ಮರುಗಳಿಗೆ ಅಳುವೂ ಬಂತು. ಅವ್ವನ ನೆನಪಿಗೆ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಈ ಕಾಗೆಯ ಕತೆಯನ್ನು ಹೇಳಿ ನಗಬೇಕಾದ ಒಬ್ಬಳೇ ಒಬ್ಬಳು ಬೈಲಹೊಂಗಲದ ಚಾಳಿನಲ್ಲಿದ್ದಳು. ಅವಳಿಗೆ ಮಾತ್ರ ಹೇಳುವಂತಿರಲಿಲ್ಲ.

ಇವತ್ತು ಶಾಲೆ ಬಿಟ್ಟಮೇಲೆ ಬಜಾರಕ್ಕೆ ಒಬ್ಬಳೇ ಹೋದಳು. ಕೂಪನ್ನಿನ ಪ್ರಕಾರ ಮೂರು ಸಾವಿರದ ಸಾಮಾನು ಕೊಂಡರೆ ಐದು ಕಿಲೊ ಸಕ್ಕರೆ ಪುಕಟ. ಮೂರು ಸಾವಿರ ಒಬ್ಬಳ ತಿಂಗಳಿಗೆ ಬಹಳವಾಯಿತು, ಇಬ್ಬರಿಗಾದರೆ ಸರಿ. ಹೀಗಾಗಿ ಇಬ್ಬರಿಗೆಂದೇ ಕೊಂಡಳು. ಅಕ್ಕಿಯ ಚೀಲ, ತೊಗರಿಬೇಳೆ, ಶೇಂಗಾ ಎಣ್ಣೆ, ಒಂದು ಪೆಂಟೆ ಬೆಲ್ಲ. ಬೆಲ್ಲದ ಮುಂದೆ ನಿಂತು, ಶೆಟ್ಟೆವ್ವ ಹೇಳುವಂತೆ ಬಿಳಿಯದನ್ನು ಬಿಟ್ಟು ಕಪ್ಪನೆಯದನ್ನು ಆರಿಸಿದಳು. ಇಬ್ಬರಿಗೆ ಕೊಳ್ಳುವುದರಲ್ಲಿ ಒಂದು ಧೈರ್ಯವಿತ್ತು: ಇಷ್ಟೆಲ್ಲ ತಂದಮೇಲೆ ಇನ್ನೊಬ್ಬರು ಇರಲೇಬೇಕಲ್ಲ. ಕೌಂಟರಿನ ಹುಡುಗಿಯ ಎದೆಯ ಮೇಲೆ ಸ್ನೇಹಲ್ ಎಂದು ಬರೆದ ಪಟ್ಟಿ ಇತ್ತು. ಕೂಪನ್ ತಿರುಗಿಸಿ ನೋಡಿ, "ಮೊಬೈಲ್ ನಂಬರ ಹೇಳ್ರಿ ಮೇಡಂ" ಎಂದಳು. ಪ್ರಿಯಂವದಾ ಬಾಯಿಪಾಠವಾಗಿದ್ದ ನಂಬರು ಹೇಳಿದಳು. ಅದು ಶೆಟ್ಟೆವ್ವನದು. ಮೊದಲ ದಿನ ಬಜಾರದವರು ಕೇಳಿದಾಗ, ತನ್ನ ನಂಬರು ಕೊಟ್ಟರೆ ಸುಮ್ಮನೆ ಮೆಸೇಜು ಬಂದು ಸಾಯುತ್ತವೆಂದು ಅವಳೇ ಶೆಟ್ಟೆವ್ವನ ನಂಬರು ಬರೆಸಿದ್ದಳು.

"ಓಟಿಪಿ ಬಂದಿರತದ ನೋಡ್ರಿ, ಹೇಳ್ರಿ."

ಪ್ರತಿ ತಿಂಗಳೂ ಶೆಟ್ಟೆವ್ವ ಪಕ್ಕದಲ್ಲೇ ನಿಂತು, ಮೊಬೈಲನ್ನು ತೋಳಿನಷ್ಟು ದೂರ ಹಿಡಿದು ಓದುತ್ತಿದ್ದಳು. ಈಗ ಹಿಂದೆ ಪಾಳಿ ಬೆಳೆಯುತ್ತಿತ್ತು. ಒಬ್ಬ ಗಂಡಸು ಎಣ್ಣೆಯ ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಪ್ರಿಯಂವದಾ ಫೋನ್ ಮಾಡಿದಳು.

"ಶೆಟ್ಟೆಕ್ಕಾ, ನಾನು. ಬಜಾರದಾಗ ಇದ್ದೀನಿ. ನಿನ್ನ ಮೊಬೈಲಿಗೆ ಒಂದು ನಂಬರ ಬಂದದ ನೋಡು, ಅದನ್ನ ಹೇಳು."

ಆ ಕಡೆ ಏನೋ ಸರಿದ ಸದ್ದು. ಕನ್ನಡಕ ಹುಡುಕುತ್ತಿರಬೇಕು. "ಏಳು. ಎರಡ. ಎರಡ. ಒಂಬತ್ತ."

"ಅಕ್ಕಾ, ಬೆಲ್ಲ ಕರೀದಽ ತಗೊಂಡೀನಿ."

"ಹೂಂ" ಎಂದಿತು ಫೋನು, ಆಮೇಲೆ ಕಟ್ಟಾಯಿತು. ಸ್ನೇಹಲ್ ನಗುತ್ತ ಸಕ್ಕರೆಯ ಪಾಕೀಟು ಮುಂದೆ ತಳ್ಳಿದಳು. ನಂಬರು ಕೊಟ್ಟಳಲ್ಲ, ಸಿಟ್ಟಿದ್ದರೆ ಕೊಡುತ್ತಿದ್ದಳೇ? ಹೂಂ ಅಂದಳಲ್ಲ. ನೀರು ಕೇಳಿದರೆ ವೈರಿಗೂ ಕೊಡುತ್ತಾರೆ, ಅಂಥ ಹೂಂ ಇರಬಹುದೇ? ಆಟೊದಲ್ಲಿ ಚೀಲಗಳ ನಡುವೆ ಕೂತು ಅದೊಂದೇ ಅಕ್ಷರವನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಸಕ್ಕರೆಯಿಂದ ಉಳಿದ ರೊಕ್ಕದಲ್ಲಿ ಅರ್ಧ ಆಟೊಕ್ಕೆ ಹೋಯಿತು. ಒಂದು ಚೀಲಕ್ಕೆ ಎರಡು ಕಿವಿ ಯಾಕೆ ಇಟ್ಟಿರುತ್ತಾರೆ ಎಂದು ಇಷ್ಟು ದಿನ ಯೋಚಿಸಿರಲಿಲ್ಲ.

ಮನೆಗೆ ಬಂದು ಧೋತರ ಹಾಸಿದಳು. ಗೋಡೆಯ ಹತ್ತಿರ ಹೋಗಿ, ತನ್ನ ಲಟ್ಟಣಿಗೆ ತೆಗೆದುಕೊಂಡು, ಎರಡು ಸಲ ಬಡಿದಳು. ಬಡಿಯುವುದು ಯಾವಾಗಲೂ ಶೆಟ್ಟೆವ್ವ; ತಾನು ಬಡಿದದ್ದು ಇದೇ ಮೊದಲು ಎಂದು ಬಡಿದಮೇಲೆ ತಿಳಿಯಿತು. ಆ ಕಡೆ ಪಾತ್ರೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಯಾರೂ ಬರಲಿಲ್ಲ. ಹಾಗಿದ್ದರೆ ಇವತ್ತು ಪಾಲು ತಾನೇ ಮಾಡಬೇಕು. ನೇಮದ ಪ್ರಕಾರ ಆರಿಸುವವಳು ಶೆಟ್ಟೆವ್ವ. ಚೀಲ ಸುರಿದು ಬೊಗಸೆಯಿಂದ ರಾಶಿ ಮಾಡತೊಡಗಿದಳು. ಅವಳ ಬೊಗಸೆಯಲ್ಲಿ ಅಕ್ಕಿ ನಿಲ್ಲುತ್ತಿರಲಿಲ್ಲ, ಬೆರಳ ಸಂದಿಯಿಂದ ಸೋರುತ್ತಿತ್ತು. ಒಂದು ರಾಶಿಗೆ ಬೇಕೆಂತಲೇ ಎರಡು ಬೊಗಸೆ ಹೆಚ್ಚು ಹಾಕಿದಳು. ಕ್ಷಮಿಸು ಎಂಬ ಮಾತು ಬಾಯಲ್ಲಿ ಬರದವರಿಗೆ ಅಕ್ಕಿಯಾದರೂ ಇರಲಿ. ಒನಕೆಯ ತುಂಡಿನಿಂದ ಬೆಲ್ಲ ಒಡೆದು ದೊಡ್ಡ ಚೂರನ್ನೂ ಅದೇ ಕಡೆಗೆ ಇಟ್ಟಳು. ಬೇಳೆ, ಎಣ್ಣೆ, ಸಕ್ಕರೆ ಆಮೇಲೆ ಎಂದು ಬಿಟ್ಟು, ಅಕ್ಕಿ ಬೆಲ್ಲವನ್ನು ಎರಡು ಚೀಲಗಳಲ್ಲಿ ತುಂಬಿ, ಎರಡು ಕೈಯಲ್ಲಿ ಹಿಡಿದು, ಒಂದು ಕಡೆ ವಾಲುತ್ತ ಪಕ್ಕದ ಬಾಗಿಲಿಗೆ ಹೋದಳು.

ಶೆಟ್ಟೆವ್ವ ಹೊಸ್ತಿಲ ಒಳಗೆ ಕೂತು ಮೆಂತ್ಯೆಯ ಸೊಪ್ಪು ಬಿಡಿಸುತ್ತಿದ್ದಳು. ಅವಳ ಹಿಂದೆ ಗೋಡೆಯ ಮೇಲೆ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ, ನಡುವೆ ಕಾಂತೇಶನ ಮದುವೆಯದು. ಪ್ರಿಯಂವದಾ ಈ ಮನೆಯ ಒಳಗೆ ಬಹಳ ಸಲ ಕೂತಿದ್ದಾಳೆ, ಚಹಾ ಕುಡಿದಿದ್ದಾಳೆ. ಅದನ್ನು ಶೀತಲಗೆ ಯಾವತ್ತೂ ಹೇಳಿರಲಿಲ್ಲ. ಹೇಳದಿರುವುದೂ ಸುಳ್ಳೇ ಎಂದು ಅನ್ನಿಸಿರಲಿಲ್ಲ.

"ಅಕ್ಕಾ, ಪಾಲು ಮಾಡೀನಿ. ಆರಿಸ್ಕೊ."

ಶೆಟ್ಟೆವ್ವ ಎರಡೂ ಚೀಲ ನೋಡಿದಳು. ಒಂದು ನೋಟಕ್ಕೆ ಯಾವುದು ಹೆಚ್ಚೆಂದು ಅವಳಿಗೆ ಗೊತ್ತಾಗಿರಬೇಕು. ಸೊಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಇನ್ನೇನು ಕೈ ಚಾಚುತ್ತಾಳೆ ಎಂದು ಪ್ರಿಯಂವದಾಳ ಜೀವ ಹಗುರಾಯಿತು. ಶೆಟ್ಟೆವ್ವ ಒರೆಸಿದ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ನಾ ಕೈ ಹಚ್ಚೂದಿಲ್ಲರಿ ಬಾಯಾರ. ಅಂಗಡ್ಯಾಗ ತೂಗಿಸಿ ಬ್ಯಾರೆ ಮಾಡಿಸ್ಕೊಂಡ ಬರ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಪ್ರಿಯಂವದಾ ಏನಾದರೂ ಹಿಡಿದುಕೊಳ್ಳಬಹುದಿತ್ತು. ಅಂತೂ ಕೇಳಿಸಿತ್ತು. ಇಷ್ಟು ದಿನದ ಲಟ್ಟಣಿಗೆ, ಡಬ್ಬಿ, ಹೂಂ, ಎಲ್ಲದರ ಲೆಕ್ಕ ಒಮ್ಮೆಲೇ ಮುಗಿಯಿತು.

"ನಾ ಸುಳ್ಳು ಹೇಳಿದೆ ಅಕ್ಕಾ."

"ಗೊತ್ತೈತ್ರಿ. ಖರೇ ಇದ್ದಿದ್ರ ನನಗ ಬ್ಯಾಸರ ಇರಲಿಲ್ಲ. ಅಂಥಾ ಮಂದಿ ಅದಾರ, ಮೊದಲ ಹೇಳ್ತಾರ, ನಾವೂ ದೂರ ಇರತೇವಿ. ನೀವು ನನ್ನ ಕೈಲೆ ಏಳು ವರ್ಷ ಪಾಲು ಮಾಡಿಸ್ಕೊಂಡ್ರಿ. ನಾ ಪಾಲು ಮಾಡೂದು ಬ್ಯಾಡಾಗಿದ್ರ ನನಗ ಹೇಳಬೇಕಿತ್ತು, ಆ ಹುಡಿಗಿಗಲ್ಲ."

"ಕಾಗೆ ಬಂತು ಅಕ್ಕಾ" ಎಂದಳು ಪ್ರಿಯಂವದಾ. ಯಾಕೆ ಅಂದಳೋ ಅವಳಿಗೇ ಗೊತ್ತಾಗಲಿಲ್ಲ. "ನೀ ಪಾಲು ಮಾಡಿದ ಅಕ್ಕೀಲೆ ಪಿಂಡ ಇಟ್ರು. ಇಟ್ಟ ಕೂಡಲೇ ಬಂತು."

ಶೆಟ್ಟೆವ್ವನ ತುಟಿಯ ಒಂದು ಅಂಚು ಅಲುಗಿತು. ಹಿಂದಿನ ದಿನಗಳಾಗಿದ್ದರೆ ಅದು ನಗೆಯಾಗಿ ಇಡೀ ಚಾಳಿಗೆ ಕೇಳುತ್ತಿತ್ತು. "ಕಾಗಿಗೆ ಏನ್ ಗೊತ್ತರಿ ಪಾಪ" ಎಂದಳು, ಮತ್ತು ಸೊಪ್ಪಿನ ಕಟ್ಟು ಎತ್ತಿಕೊಂಡಳು. "ತೂಗಿಸ್ಕೊಂಡ ಬರ್ರಿ. ನನ್ನ ಅರ್ಧದ್ದು ಎಷ್ಟಾತು ಹೇಳ್ರಿ, ರೊಕ್ಕ ಕೊಡತೇನಿ. ಹೊತ್ತಾತು, ಪಲ್ಲೆ ಆಗಬೇಕು."

ಚಾಳಿನ ಮೂಲೆಯಲ್ಲಿ ಮಹಾಂತಪ್ಪನ ಕಿರಾಣಿ ಅಂಗಡಿ. ಬಜಾರಕ್ಕಿಂತ ಎರಡು ರೂಪಾಯಿ ಹೆಚ್ಚೆಂದು ಇಬ್ಬರೂ ಅದರ ಮುಂದೆ ಮುಖ ತಿರುಗಿಸಿ ಹೋಗುತ್ತಿದ್ದುದುಂಟು. ಪ್ರಿಯಂವದಾ ಎರಡು ಚೀಲ ತಂದು ಕಟ್ಟೆಯ ಮೇಲೆ ಇಟ್ಟಾಗ ಮಹಾಂತಪ್ಪ ಕನ್ನಡಕದ ಮೇಲಿಂದ ನೋಡಿದ.

"ಏನ್ ಬಾಯಾರ, ಉಣ್ಣೂದು ಅವರ ಮನ್ಯಾಗ, ಕೈ ತೊಳ್ಕೊಳ್ಳೂದು ನಮ್ಮ ಮನ್ಯಾಗ ಆತಲ್ಲ! ಬಜಾರದ ಅಕ್ಕಿಗೆ ನಮ್ಮ ತಕ್ಕಡಿ ಬೇಕಾತೇನು?"

"ಎರಡೂ ಸಮ ಮಾಡಿ ಕೊಡ್ರಿ ಮಹಾಂತಪ್ಪ. ಉಪಕಾರ ಆಗತದ."

"ನೀವಿಬ್ಬರೂ ಯಾವತ್ತೂ ತೂಗಿದವರಲ್ಲ ಬಿಡ್ರಿ" ಎಂದು ಗೊಣಗುತ್ತ ಒಂದು ಚೀಲ ಇಟ್ಟ, ತೆಗೆದ, ಇನ್ನೊಂದು ಇಟ್ಟ. ಹೆಚ್ಚಿದ್ದುದರಿಂದ ಡಬ್ಬಿಯ ಮುಚ್ಚಳದಲ್ಲಿ ಅಕ್ಕಿ ಮೊಗೆದು ಕಡಿಮೆಯಿದ್ದುದಕ್ಕೆ ಸುರಿದ. ಅವಳು ಬೇಕೆಂತಲೇ ಹೆಚ್ಚು ಹಾಕಿದ್ದ ಎರಡು ಬೊಗಸೆ ಈ ಚೀಲದಿಂದ ಆ ಚೀಲಕ್ಕೆ ಹೋಗುವುದನ್ನು ನೋಡುತ್ತ ನಿಂತಳು. ಬೆಲ್ಲದ ದೊಡ್ಡ ಚೂರಿನ ಮೂಲೆ ಮುರಿದು ಆ ಕಡೆಗೆ ಹಾಕಿದ. ತಕ್ಕಡಿಯ ಕೆಂಪು ಅಂಕಿಗಳು ಒಂದಕ್ಕೊಂದು ಕೂಡಿದವು. ಮಹಾಂತಪ್ಪ ಎರಡೂ ಚೀಲದ ಬಾಯಿಗೆ ಸುತಳಿ ಕಟ್ಟಿ ಅವಳ ಮುಂದೆ ಪಕ್ಕ ಪಕ್ಕದಲ್ಲಿ ಇಟ್ಟ.

"ಹಾಂ, ಈಗ ಗುಂಜಿ ಹೆಚ್ಚಿಲ್ಲ, ಗುಂಜಿ ಕಡಿಮಿಲ್ಲ. ಇದರಾಗ ನಿಮ್ದು ಯಾವ್ದರಿ?"

ಅವಳು ಎರಡನ್ನೂ ನೋಡಿದಳು. ಪಾಲು ತಾನು ಮಾಡಿದ್ದು. ತಾನು ಆರಿಸುವ ಹಾಗಿರಲಿಲ್ಲ. ಹಿಂದೆ ಯಾರೋ ಕಡ್ಡಿಪೆಟ್ಟಿಗೆ ಕೇಳುತ್ತಿದ್ದರು. ಮಹಾಂತಪ್ಪ ಇನ್ನೊಮ್ಮೆ ಕೇಳಿದ. ಆರಿಸುವವರು ಬರುತ್ತಾರೆ, ಸ್ವಲ್ಪ ತಡೀರಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಪ್ರಿಯಂವದಾ ಹತ್ತಿರ ಇದ್ದ ಚೀಲದ ಮೇಲೆ ಕೈ ಇಟ್ಟಳು.